ಹೆಸರಿಲ್ಲದವರ ಅಂಗಳ

ಮಕ್ಕಳೇ, ನಿಮ್ಮಲ್ಲಿ ಯಾರಾದರೂ ಓದಿಗೋ ಕೆಲಸಕ್ಕೋ ಲಂಡನ್ನಿಗೆ ಹೋದರೆ, ಒಂದು ಅರ್ಧ ದಿನ ಉಳಿಸಿಕೊಂಡು ಸ್ಲೌ ಪಟ್ಟಣದ ಪಕ್ಕದಲ್ಲಿರುವ ಸ್ಟೋಕ್ ಪೋಜಸ್ ಎಂಬ ಹಳ್ಳಿಗೆ ಹೋಗಿಬನ್ನಿ. ಅಲ್ಲಿನ ಸೇಂಟ್ ಜೈಲ್ಸ್ ಚರ್ಚು ದೊಡ್ಡ ಕಟ್ಟಡವೇನಲ್ಲ. ಆದರೆ ಅದರ ಕೆಲವು ಭಾಗಗಳು ನಾರ್ಮನ್ನರ ಕಾಲದವು, ಎಂಟುನೂರು ವರ್ಷಕ್ಕೂ ಹಳೆಯವು. ಬಾಗಿಲ ಬಳಿ ಮುದಿ ಯೂ ಮರ, ಸುತ್ತಲೂ ಹುಲ್ಲಿನ ನಡುವೆ ಪಾಚಿ ಹಿಡಿದು ವಾಲಿದ ಸಮಾಧಿ ಕಲ್ಲುಗಳು. ಎಷ್ಟೋ ಕಲ್ಲುಗಳ ಅಕ್ಷರ ಮಳೆಗೆ ಸವೆದುಹೋಗಿದೆ.

ಇಂಗ್ಲಿಷ್ ಸಾಹಿತ್ಯ ಓದಿದವರಿಗೆ ಈ ಅಂಗಳ ಗೊತ್ತು. ಥಾಮಸ್ ಗ್ರೇ ತನ್ನ ಪ್ರಸಿದ್ಧ ಶೋಕಗೀತೆಯನ್ನು 1750ರಲ್ಲಿ ಮುಗಿಸಿದ್ದು ಈ ಊರಿನಲ್ಲೇ. ಮರುವರ್ಷ ಅದು ಅಚ್ಚಾಯಿತು. ಬಿ.ಎ. ತರಗತಿಯಲ್ಲಿ ನಾವು ಅದನ್ನು ಪರೀಕ್ಷೆಗೆಂದು ಉರು ಹೊಡೆದವರು. ಆ ಪದ್ಯ ರಾಜರ ಮೇಲಲ್ಲ, ಉತ್ತು ಬಿತ್ತು ಹೆಸರಿಲ್ಲದೆ ಮಣ್ಣಾದ ಹಳ್ಳಿಗರ ಮೇಲೆ.

ಆದರೆ ಪಠ್ಯದಲ್ಲಿ ಇಲ್ಲದ ಒಂದು ಸಂಗತಿ ಹೇಳುತ್ತೇನೆ. ಗ್ರೇಯ ತಾಯಿ ಡೊರೊಥಿ ಹನ್ನೆರಡು ಮಕ್ಕಳನ್ನು ಹೆತ್ತಳು. ಉಳಿದವನು ಇವನೊಬ್ಬನೇ. ಗಂಡ ಕ್ರೂರಿ. ಲಂಡನ್ನಿನಲ್ಲಿ ಅಕ್ಕನ ಜೊತೆ ಹೆಂಗಸರ ಟೋಪಿ, ಉಡುಪಿನ ಅಂಗಡಿ ನಡೆಸಿ, ಆ ಹಣದಲ್ಲೇ ಮಗನನ್ನು ಓದಿಸಿದಳು. 1753ರಲ್ಲಿ ತೀರಿಕೊಂಡಾಗ ಅವಳ ಸಮಾಧಿಗೆ ಗ್ರೇಯೇ ಬರಹ ಬರೆದ. ಅದರಲ್ಲಿ ತನ್ನ ಹೆಸರು ಹಾಕಿಕೊಳ್ಳಲಿಲ್ಲ, ಅವಳ ಮಕ್ಕಳಲ್ಲಿ ಉಳಿದವನು ಎಂದಷ್ಟೇ ಸೂಚಿಸಿದ. 1771ರಲ್ಲಿ ಅವನು ಸತ್ತಾಗ ಅದೇ ಸಮಾಧಿಯಲ್ಲಿ, ತಾಯಿಯ ಪಕ್ಕದಲ್ಲೇ ಅವನನ್ನು ಮಲಗಿಸಿದರು. ಅವನು ಅಲ್ಲಿರುವುದನ್ನು ತಿಳಿಸುವುದು ಎದುರಿನ ಚರ್ಚಿನ ಗೋಡೆಯಲ್ಲಿರುವ ಒಂದು ಚಿಕ್ಕ ಫಲಕ. ಪಕ್ಕದ ಹೊಲದಲ್ಲಿ 1799ರಲ್ಲಿ ಎತ್ತಿದ ದೊಡ್ಡ ಸ್ಮಾರಕವಿದೆ, ಅದು ಬೇರೆಯವರು ಕಟ್ಟಿಸಿದ್ದು.

ಇನ್ನೊಂದು ವಿಷಯ. ಇಂಗ್ಲೆಂಡಿನ ಊರ ಚರ್ಚುಗಳು ನಾಮಕರಣ, ಮದುವೆ, ಮಣ್ಣು ಮಾಡಿದ್ದು, ಎಲ್ಲವನ್ನೂ ಪುಸ್ತಕದಲ್ಲಿ ಬರೆದಿಡಬೇಕೆಂದು 1538ರಲ್ಲೇ ಆಜ್ಞೆಯಾಯಿತು. ಕಲ್ಲು ನೆಡಿಸಲು ದುಡ್ಡಿಲ್ಲದ ಕೂಲಿಯವನ ಹೆಸರೂ ಅದರಲ್ಲಿ ಸಿಗುತ್ತದೆ.

ನಮ್ಮ ಹೆಚ್ಚಿನ ಮನೆಗಳಲ್ಲಿ ಅಂಥ ಪುಸ್ತಕವಿಲ್ಲ. ಹೆಸರುಗಳು ಇರುವುದು ಹಿರಿಯರ ಬಾಯಲ್ಲಿ. ನಿಮ್ಮ ಮುತ್ತಜ್ಜನ ಹೆಸರು ನಿಮಗೆ ತಿಳಿದಿರಬಹುದು. ಮುತ್ತಜ್ಜಿಯದು? ಮದುವೆಯಲ್ಲಿ ಹೆಸರು ಬದಲಾಯಿಸಿದ್ದರೆ ಅವಳ ತವರಿನ ಹೆಸರು? ಯಾರ ಬಳೆ ಮಾರಿ ಯಾರು ಓದಿದರು, ಯಾವ ಊರಿನಿಂದ ಯಾರು ಮೊದಲು ಈ ನಗರಕ್ಕೆ ರೈಲು ಹತ್ತಿದರು? ನೀವು ಊರು ಬಿಟ್ಟವರ ಮಕ್ಕಳು. ನೀವು ಕೇಳದಿದ್ದರೆ ಇನ್ನು ಕೇಳುವವರಿಲ್ಲ.

ಈ ಭಾನುವಾರ ಅಜ್ಜಿಗೆ ಫೋನು ಮಾಡಿ. ಒಂದು ನೋಟ್‌ಬುಕ್ಕು ಹಿಡಿದು ಕೂತುಕೊಳ್ಳಿ. ಕನ್ನಡದಲ್ಲೇ ಬರೆಯಿರಿ, ಕಾಗುಣಿತ ತಪ್ಪಾದರೂ ಚಿಂತೆಯಿಲ್ಲ. ಮೊದಲ ಸಾಲಿನಲ್ಲಿ ಹೆಂಗಸರ ಹೆಸರಿರಲಿ.