ಆ ಗಣರಾಜ್ಯವನ್ನು ಕೆಡವಿದವರು ಯಾರು?



1918ರಲ್ಲಿ ಯುದ್ಧ ಸೋತ ಜರ್ಮನಿಯಲ್ಲಿ ಹುಟ್ಟಿದ ಗಣರಾಜ್ಯ ಹದಿನಾಲ್ಕು ವರ್ಷ ಬಾಳಿತು. ಜರ್ಮನರಿಗೆ ಪ್ರಜಾಪ್ರಭುತ್ವ ಒಗ್ಗಲಿಲ್ಲ, ಬಡಜನರು ಹಸಿವು ತಾಳದೆ ಹಿಟ್ಲರನ ಹಿಂದೆ ಹೋದರು ಎಂದು ಓದಿದವರು ಸುಲಭವಾಗಿ ಹೇಳಿಬಿಡುತ್ತಾರೆ. ಈ ಮಾತನ್ನು ನಾವು ಒಪ್ಪುವುದಿಲ್ಲ.

ಎಲ್ಬೆ ನದಿಯ ಪೂರ್ವಕ್ಕೆ ದೊಡ್ಡ ಜಮೀನುದಾರರ ಎಸ್ಟೇಟುಗಳಿದ್ದವು. ಅಲ್ಲಿನ ಆಳುಗಳಿಗೆ ಕೂಲಿಯ ದೊಡ್ಡ ಪಾಲು ಧಾನ್ಯ, ಆಲೂಗಡ್ಡೆ, ಸೌದೆ. ಇರಲು ಧಣಿಯ ಮನೆ. ಕೆಲಸ ಹೋದರೆ ಮನೆಯೂ ಹೋಯಿತು. ಲೈನಿನಲ್ಲಿ ಬಾಳುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅವರು ಒಟ್ಟಾಗಿ ಕೆಲಸ ನಿಲ್ಲಿಸಿದರೆ, ಪ್ರಷ್ಯದ 1854ರ ಕಾನೂನಿನಂತೆ ಅದು ಅಪರಾಧ. ಚಕ್ರವರ್ತಿ ಹೋದ ಮೂರೇ ದಿನಕ್ಕೆ, 1918ರ ನವೆಂಬರ್ 12ರಂದು, ಹೊಸ ಸರ್ಕಾರ ಆಳುಗಳ ಮೇಲಿನ ಆ ಕಟ್ಟಳೆಗಳನ್ನು ಒಂದೇ ಪ್ರಕಟಣೆಯಲ್ಲಿ ತೆಗೆದುಹಾಕಿತು. ಹೆಂಗಸರಿಗೆ ಮತದ ಹಕ್ಕು ಬಂತು. ಕಾರ್ಖಾನೆಗಳಲ್ಲಿ ಎಂಟು ಗಂಟೆಯ ದಿನ ಬಂತು.

ಧಣಿಗಳು ಇದನ್ನು ಕ್ಷಮಿಸಲಿಲ್ಲ. 1920ರ ಮಾರ್ಚ್ 13ರಂದು ಒಂದು ದಂಡು ಬರ್ಲಿನ್ನಿಗೆ ನುಗ್ಗಿತು. ಪೂರ್ವ ಪ್ರಷ್ಯದ ಕಾಪ್ ಎಂಬ ಅಧಿಕಾರಿ ತಾನೇ ಸರ್ಕಾರವೆಂದು ಸಾರಿಕೊಂಡ. ದಂಡನ್ನು ತಡೆಯಲು ಸೈನ್ಯ ಮುಂದಾಗಲಿಲ್ಲ. ಮಂತ್ರಿಗಳು ಊರು ಬಿಟ್ಟರು. ಎದುರು ನಿಂತವರು ಯಾರು? ಕೂಲಿಕಾರರೇ. ರೈಲು ನಿಂತಿತು, ದೀಪ ಆರಿತು, ನಲ್ಲಿಯಲ್ಲಿ ನೀರು ಬರಲಿಲ್ಲ, ಪತ್ರಿಕೆ ಅಚ್ಚಾಗಲಿಲ್ಲ. 17ನೇ ತಾರೀಕು ಕಾಪ್ ಓಡಿಹೋದ.

ಆಮೇಲೆ ನಡೆದದ್ದನ್ನು ನ್ಯಾಯವೆನ್ನೋಣವೇ? ದಂಡನ್ನು ತಡೆಯದ ಅದೇ ಸೈನ್ಯವನ್ನು, ರೂರ್ ಪ್ರದೇಶದಲ್ಲಿ ಆಯುಧ ಕೆಳಗಿಡದ ಕೆಲಸಗಾರರ ಮೇಲೆ ಸರ್ಕಾರ ಬಿಟ್ಟಿತು. ಬಂಡಾಯದ ಮುಂದಾಳುಗಳಲ್ಲಿ ನ್ಯಾಯಾಲಯ ಶಿಕ್ಷಿಸಿದ್ದು ಒಬ್ಬನನ್ನು. ಬಂಡೆದ್ದ ಸೇನಾಪತಿ ಲ್ಯೂಟ್ವಿಟ್ಸನಿಗೆ ಪಿಂಚಣಿಯೂ ಸಿಕ್ಕಿತು! 1923ರಲ್ಲಿ ಮ್ಯೂನಿಕ್ಕಿನಲ್ಲಿ ದಂಗೆಯೆದ್ದ ಹಿಟ್ಲರನಿಗೆ ಐದು ವರ್ಷ ಸಜೆಯಾಯಿತು. 1924ರ ಕ್ರಿಸ್ಮಸ್ಸಿಗೆ ಆತ ಹೊರಗಿದ್ದ.

1918ರ ಸೆಪ್ಟೆಂಬರಿನಲ್ಲಿ, ಯುದ್ಧ ನಿಲ್ಲಿಸಿರೆಂದು ಅವಸರಪಡಿಸಿದವರಲ್ಲಿ ಸೇನಾಪತಿ ಹಿಂಡೆನ್‌ಬರ್ಗ್ ಒಬ್ಬ. ಮರುವರ್ಷ ಆತನೇ, ಸೈನ್ಯವನ್ನು ಬೆನ್ನ ಹಿಂದಿನಿಂದ ಇರಿದರೆಂದು ಸಾಕ್ಷಿ ಹೇಳಿದ. 1925ರಲ್ಲಿ ಜನ ಅವನನ್ನೇ ಅಧ್ಯಕ್ಷನನ್ನಾಗಿ ಆರಿಸಿದರು. ಕ್ರೈಸ್ತರಾದ ನಾವು ಇಲ್ಲಿ ತಲೆ ತಗ್ಗಿಸಬೇಕು. ಎದುರಾಳಿ ವಿಲ್‌ಹೆಲ್ಮ್ ಮಾರ್ಕ್ಸ್ (ಕಾರ್ಲ್ ಮಾರ್ಕ್ಸ್ ಅಲ್ಲ) ಕಥೋಲಿಕನೆಂಬುದಕ್ಕೇ ಅನೇಕ ಪ್ರೊಟೆಸ್ಟೆಂಟರು ಅವನನ್ನು ಬಿಟ್ಟರು. ಕಮ್ಯೂನಿಸ್ಟರು ಬೇರೆಯೇ ನಿಂತು 19 ಲಕ್ಷ ಮತ ಪಡೆದರು; ಹಿಂಡೆನ್‌ಬರ್ಗ್ ಗೆದ್ದದ್ದು 9 ಲಕ್ಷದ ಅಂತರದಲ್ಲಿ.

ಕೂಲಿಕಾರರ ಮುಖಂಡರ ತಪ್ಪನ್ನೂ ಮುಚ್ಚಿಡಲಾರೆವು. ಎರಡು ಪಕ್ಷಗಳಾಗಿ ಒಡೆದು, ಒಬ್ಬರನ್ನೊಬ್ಬರು ಶತ್ರುಗಳೆಂದರು. 1932ರ ಜುಲೈ 20ರಂದು ಪ್ರಷ್ಯದ ಸರ್ಕಾರವನ್ನು ಕಿತ್ತೆಸೆದಾಗ ದೊಡ್ಡ ಸಂಘಗಳು ಮುಷ್ಕರಕ್ಕೆ ಕರೆ ಕೊಡಲಿಲ್ಲ. ಆ ವರ್ಷದ ಮೊದಲಲ್ಲಿ 60 ಲಕ್ಷ ಜನ ಕೆಲಸವಿಲ್ಲದೆ ಇದ್ದರು. ಗೇಟಿನ ಹೊರಗೆ ಅಷ್ಟು ಜನ ಕಾದಿರುವಾಗ ಒಳಗಿರುವವನಿಗೆ ಧೈರ್ಯ ಬರುವುದು ಕಷ್ಟ, ನಿಜ. ಆದರೂ ಕರೆಯನ್ನಾದರೂ ಕೊಡಬೇಕಿತ್ತು.

1933ರ ಜನವರಿ 30ರಂದು ಹಿಂಡೆನ್‌ಬರ್ಗ್ ಅಧಿಕಾರವನ್ನು ಹಿಟ್ಲರನ ಕೈಗಿತ್ತ. ಮೇ 1ಕ್ಕೆ ಸಂಬಳ ಸಹಿತ ರಜೆ ಸಿಕ್ಕಿತು. ಸಂಘದ ಮುಖಂಡರೇ ಸದಸ್ಯರನ್ನು ಮೆರವಣಿಗೆಗೆ ಕಳುಹಿಸಿದರು. ಮರುದಿನ ಬೆಳಿಗ್ಗೆ ಹಿಟ್ಲರನ ಪಡೆ ಸಂಘದ ಕಚೇರಿಗಳಿಗೆ ನುಗ್ಗಿ, ಹಣ ವಶಪಡಿಸಿಕೊಂಡು, ಮುಖಂಡರನ್ನು ಬಂಧಿಸಿತು. ಕ್ರೈಸ್ತ ಕಾರ್ಮಿಕ ಸಂಘಗಳು ಆ ದಿನ ಉಳಿದುಕೊಂಡವು. ಜೂನ್ ಮುಗಿಯುವುದರೊಳಗೆ ಅವೂ ಇರಲಿಲ್ಲ.