ಸಡಿಲ ಕೀಲಿನವರು ಮೈಗಳ್ಳರಲ್ಲ

ನಮ್ಮ ಚಳ್ಳಕೆರೆ, ಮೊಳಕಾಲ್ಮೂರು ಕಡೆ ಶೇಂಗಾ ಅಂದರೆ ಬಗ್ಗಿ, ಕುಕ್ಕರುಗಾಲಲ್ಲಿ ಕೂತು ಮಾಡುವ ಬೇಸಾಯ. ಕಳೆ ತೆಗೆಯೋದು, ಕಾಯಿ ಬಿಡಿಸೋದು ಎಲ್ಲಾ ಹಾಗೇ. ಅರ್ಧ ದಿನಕ್ಕೇ ನೋವು ಅಂತ ಎದ್ದವರಿಗೆ ‘ಮೈಗಳ್ಳ’ ಅಂತ ಹೆಸರು. ನನಗೂ ಬಂದಿತ್ತು.

ಕೆಲವರ ಕೀಲು ಹುಟ್ಟಿನಿಂದಲೇ ಸಡಿಲ, ಮಿಣಿ ಸಡಿಲಾದ ನೊಗದ ಹಾಗೆ. ವಂಶದಲ್ಲಿ ಹರಿದು ಬರುತ್ತೆ, ಹೆಂಗಸರಲ್ಲಿ ಹೆಚ್ಚು. ಹೆಬ್ಬೆರಳು ಮಡಚಿದರೆ ಮುಂಗೈಗೆ ತಾಗುತ್ತಾ, ಕಿರುಬೆರಳು ಹಿಂದಕ್ಕೆ 90 ಡಿಗ್ರಿ ದಾಟುತ್ತಾ, ಮೊಣಕೈ-ಮಂಡಿ ಹಿಮ್ಮುಖ ಬಾಗುತ್ತಾ, ಮಂಡಿ ಮಡಚದೆ ಅಂಗೈ ನೆಲಕ್ಕೆ ಊರುತ್ತಾ ಅಂತ ನೋಡಿ ವೈದ್ಯರು 9ಕ್ಕೆ ಅಂಕ ಕೊಡ್ತಾರೆ. ಇದು ಬೈಟನ್ ಅಳತೆ. ದೊಡ್ಡವರಿಗೆ 5, ಐವತ್ತು ದಾಟಿದವರಿಗೆ 4 ಬಂದರೆ ಸಡಿಲ ಅಂತ ಲೆಕ್ಕ. ಇಂಥವರಿಗೆಲ್ಲ ನೋವು ಇದ್ದೇ ಇರುತ್ತೆ ಅಂತಲ್ಲ. ಆದರೆ ಎಕ್ಸ್‌ರೇಲಿ ಏನೂ ಕಾಣದಿದ್ದರೆ ನೋವು ಸುಳ್ಳು ಅಂತಲೂ ಅಲ್ಲ.

ಕೀಲು ಬಿಗಿ ಮಾಡೋ ಮಾತ್ರೆ ಇಲ್ಲ. ಸುತ್ತಲ ಮಾಂಸಖಂಡ ಗಟ್ಟಿಯಾದರೆ ಕೀಲಿಗೆ ಆಸರೆ. ಅದಕ್ಕೆ ಫಿಸಿಯೋಥೆರಪಿಯವರು ಹೇಳಿಕೊಡೋ ವ್ಯಾಯಾಮ ನಿಧಾನಕ್ಕೆ, ದಿನಾ ಮಾಡಬೇಕು. ಮಲಗಿಬಿಟ್ಟರೆ ಮಾಂಸಖಂಡ ಇನ್ನೂ ಸೊರಗುತ್ತೆ. ವೈದ್ಯರನ್ನು ಕೇಳದೆ ದಿನಾ ನೋವಿನ ಮಾತ್ರೆ ನುಂಗಿದರೆ ಹೊಟ್ಟೆಗೆ, ಮೂತ್ರಪಿಂಡಕ್ಕೆ ಕೇಡು.

ನಾನೀಗ ನೋವು ಬರೋ ಮುಂಚೆಯೇ ಕೆಲಸ ಬದಲಿಸ್ತೀನಿ. ಸ್ವಲ್ಪ ಹೊತ್ತು ಕಳೆ, ಆಮೇಲೆ ನಿಂತು ಮಾಡೋ ಕೆಲಸ. ಎಡೆ ಹೊಡೆಯೋಕೆ ಉದ್ದ ಹಿಡಿಯ ಸೈಕಲ್ ಕುಂಟೆ. ಕಾಯಿ ಬಿಡಿಸೋಕೆ ಎತ್ತರದ ಮಣೆ.

ಎತ್ತು ಕುಂಟಿದರೆ ನೊಗ ಬಿಚ್ಚಿ ಕಾಲು ನೋಡ್ತೀವಿ. ಮುಯ್ಯಾಳಿಗೆ ಕೆಲಸ ಹಂಚುವಾಗಲೂ ಅಷ್ಟು ನೋಡೋಣ. ಕೂರಲಾಗದವರಿಗೆ ನಿಂತು ಮಾಡೋ ಕೆಲಸ ಕೊಟ್ಟು, ಅದನ್ನೂ ಪೂರ್ತಿ ಆಳು ಅಂತಲೇ ಲೆಕ್ಕ ಹಿಡಿಯಬೇಕು.