ಹಿಂದಿರುಗಿದರೆ ಭಕ್ತಿ ಕುಂದುವುದೇ?

ನಮ್ಮ ಮಂಠಾಳದ ಕಡೆ ಮೇ ತಿಂಗಳೆಂದರೆ ಕೆಂಡದಂಥ ಬಿಸಿಲು. ಅಂಥದೊಂದು ಮಧ್ಯಾಹ್ನ, 2023ರ ಮೇ ಮೊದಲ ವಾರದಲ್ಲಿ, ಹೆಂಡತಿಯೊಡನೆ ಕೇದಾರಯಾತ್ರೆಗೆ ಹೋಗಿದ್ದ ನನ್ನ ತಮ್ಮನ ದೂರವಾಣಿ ಕರೆ ಬಂದಿತು. “ಅಣ್ಣಾ, ಪೊಲೀಸರು ಮುಂದ ಬಿಡವಲ್ಲರು. ಮ್ಯಾಲ ಬರ್ಫ ಬೀಳಕತ್ತದಂತ” ಎಂದ. ನಾನು ಕ್ಷಣವೂ ಯೋಚಿಸದೆ, “ಅಷ್ಟು ದೂರ ಹೋಗಿ ದರ್ಶನ ಇಲ್ಲದೇ ಬರ್ತಿಯೇನೋ? ಹೆಂಗಾರ ಮಾಡಿ ಹೋಗ್ರಿ” ಎಂದುಬಿಟ್ಟೆ.

ಆ ಮಾತು ಇಂದಿಗೂ ನನ್ನನ್ನು ಚುಚ್ಚುತ್ತದೆ. ವರ್ಷಗಟ್ಟಲೆ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಬೋಧಿಸಿದವನು ನಾನು. ಕಪ್ಪುಹಲಗೆಯ ಮೇಲೆ ಹಿಮಾಲಯದ ಮೂರು ಶ್ರೇಣಿಗಳನ್ನು ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಆದರೆ ಆ ಬೆಟ್ಟಗಳ ಮೇಲಿನ ಹಿಮ ಹೇಗೆ ಮನುಷ್ಯನನ್ನು ಕೊಲ್ಲುತ್ತದೆ ಎಂಬುದನ್ನು ಒಂದು ದಿನವೂ ಹೇಳಲಿಲ್ಲ. ನನಗೇ ತಿಳಿದಿರಲಿಲ್ಲ.

ತಿಳಿಯದಿರುವುದಕ್ಕೆ ನಮ್ಮ ಮಾತಿನ ಬಳಕೆಯೂ ಒಂದು ಕಾರಣ. ‘ಹಿಮಪಾತ’ ಎಂಬ ಒಂದೇ ಪದವನ್ನು ನಾವು ಎಲ್ಲದಕ್ಕೂ ಬಳಸುತ್ತೇವೆ. ಆಕಾಶದಿಂದ ಹಿಮ ಬೀಳುವುದೂ ಹಿಮಪಾತ. ಬೆಟ್ಟದ ಮೈಯಿಂದ ಹಿಮದ ರಾಶಿ ಕಳಚಿ ಉರುಳುವುದೂ ಹಿಮಪಾತ. 2016ರ ಫೆಬ್ರುವರಿಯಲ್ಲಿ ಸಿಯಾಚಿನ್‌ನಲ್ಲಿ ಧಾರವಾಡ ಜಿಲ್ಲೆಯ ಬೆಟದೂರಿನ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರನ್ನೂ ಒಡನಾಡಿಗಳಾದ ಒಂಬತ್ತು ಯೋಧರನ್ನೂ ಹೂತುಹಾಕಿದ್ದು ಎರಡನೆಯದು, ಅಂದರೆ ಹಿಮಕುಸಿತ. 2024ರ ಜೂನ್‌ನಲ್ಲಿ ಉತ್ತರಾಖಂಡದ ಸಹಸ್ರತಾಲಕ್ಕೆ ಚಾರಣ ಹೋದ ಕರ್ನಾಟಕದ ತಂಡದಲ್ಲಿ ಒಂಬತ್ತು ಮಂದಿಯ ಪ್ರಾಣ ತೆಗೆದದ್ದು ಹಿಮಕುಸಿತವಲ್ಲ, ಹಿಮಬಿರುಗಾಳಿ ಮತ್ತು ಚಳಿ. ಅಪಾಯಗಳು ಬೇರೆ ಬೇರೆಯಾದಾಗ ಹೆಸರುಗಳೂ ಬೇರೆಯಾಗಿರಬೇಕು. ಹೆಸರೇ ಇಲ್ಲದ ಅಪಾಯಕ್ಕೆ ಎಚ್ಚರ ಹೇಗೆ ಹುಟ್ಟೀತು?

ಬಿರುಗಾಳಿಗೂ ಕುಸಿತಕ್ಕೂ ನಂಟಿದೆಯೆಂಬುದನ್ನು ಮಾತ್ರ ಮರೆಯಬಾರದು. ಹಳೆಯ, ಗಟ್ಟಿಯಾದ ಹಿಮದ ಮೇಲೆ ಒಮ್ಮೆಲೇ ಹೊಸ ಹಿಮ ಬಿದ್ದರೆ ಎರಡೂ ಬೇಗ ಬೆಸೆದುಕೊಳ್ಳುವುದಿಲ್ಲ. ಗಾಳಿ ಹೊತ್ತು ತಂದ ಹಿಮವೂ ಸೇರಿದರೆ ಭಾರ ಇನ್ನೂ ಹೆಚ್ಚುತ್ತದೆ. ಸುಮಾರು 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ ಈ ರಾಶಿ ಒಬ್ಬ ಮನುಷ್ಯನ ತೂಕಕ್ಕೂ ಕಳಚಬಹುದು. ವಸಂತದಲ್ಲಿ ಇನ್ನೊಂದು ತೊಡಕು: ಬಿರುಗಾಳಿ ನಿಂತು ಬಿಸಿಲು ಬಂದೊಡನೆ ಹಿಮ ಕರಗಿ, ನೀರು ಒಳಗಿಳಿದು ಪದರಗಳನ್ನು ಸಡಿಲಿಸುತ್ತದೆ. ಆಕಾಶ ತಿಳಿಯಾಯಿತು, ಇನ್ನು ಹೊರಡೋಣ ಎಂದು ಯಾತ್ರಿಕನು ಹಿಗ್ಗುವ ಹೊತ್ತೇ ಅಪಾಯದ ಹೊತ್ತು. ಹಿಮದಡಿ ಸಿಕ್ಕವರನ್ನು ಮೊದಲ ಕಾಲುಗಂಟೆಯಲ್ಲಿ ಹೊರತೆಗೆದರೆ ಬಹುಪಾಲು ಜನ ಬದುಕುತ್ತಾರೆ. ಅರ್ಧಗಂಟೆ ಕಳೆದರೆ ಆಸೆ ತೀರಾ ಕ್ಷೀಣ. ಹನುಮಂತಪ್ಪನವರು ಆರು ದಿನಗಳ ಬಳಿಕ ಜೀವಂತ ಸಿಕ್ಕಿದ್ದು ಪವಾಡವೇ ಸರಿ. ಆ ಪವಾಡಕ್ಕೂ ಫೆಬ್ರುವರಿ 11ರಂದು ಅವರನ್ನು ಉಳಿಸಿಕೊಡಲಾಗಲಿಲ್ಲ.

ನನ್ನ ತಮ್ಮ ನಿಂತಿದ್ದ ದಾರಿಯಲ್ಲಿ ಆ ವಾರ ಆದದ್ದೂ ಇದೇ. ಏಪ್ರಿಲ್ 25ರಂದು ದೇಗುಲದ ಬಾಗಿಲು ತೆರೆದ ಮೇಲೂ ಹಿಮ ಬೀಳುತ್ತಲೇ ಇತ್ತು. ಗೌರೀಕುಂಡದಿಂದ ಏರುವ ಕಾಲುದಾರಿಗೆ ಭೈರವ, ಕುಬೇರ ಎಂಬ ಹಿಮನಾಲೆಗಳ ಬಳಿ ಹಿಮ ಕುಸಿದು ದಾರಿ ಮುಚ್ಚಿತು, ಯಾತ್ರೆಯನ್ನು ತಡೆಯಲಾಯಿತು. ನಾನು “ಹೋಗ್ರಿ” ಎಂದದ್ದು ಆ ದಾರಿಗೆ!

ಪುಣ್ಯಕ್ಕೆ ತಮ್ಮ ನನ್ನ ಮಾತು ಕೇಳಲಿಲ್ಲ. ಎರಡು ದಿನ ಕಾದು ಹಿಂದಿರುಗಿದ. ಊರಿಗೆ ಬಂದಾಗ ಕಟ್ಟೆಯ ಮೇಲೆ ಕುಳಿತವರು, “ದೇವರ ಕರಿ ಬರಲಿಲ್ಲ ಬಿಡ್ರಿ” ಎಂದರು. ಅವನ ಹೆಂಡತಿ ಕಣ್ಣೀರು ಹಾಕಿದಳು. ನಮ್ಮ ಭಾಗದ ಜನಕ್ಕೆ ಕೇದಾರವೆಂದರೆ ಬರಿಯ ತೀರ್ಥವಲ್ಲ. ವೀರಶೈವ ಪಂಚಪೀಠಗಳಲ್ಲಿ ಅದೂ ಒಂದು. ಚಳಿಗಾಲದಲ್ಲಿ ಕೇದಾರನ ಪೂಜೆ ನಡೆಯುವುದು ಊಖೀಮಠದಲ್ಲಿ. ಹಾಗಾಗಿ ದರ್ಶನವಾಗದೆ ಬಂದ ನೋವು ನನಗೆ ಅರ್ಥವಾಗುತ್ತದೆ. ಆದರೆ ಆ ನೋವಿಗೆ ನಾಚಿಕೆಯನ್ನೂ ಸೇರಿಸುವ ಹಕ್ಕು ನಮಗಿಲ್ಲ.

ಬೆಟ್ಟದಲ್ಲಿರುವವನ ನಿರ್ಧಾರವನ್ನು ಊರಿನಲ್ಲಿ ಕುಳಿತ ನಾವು ಎಷ್ಟೋ ಸಲ ಕೆಡಿಸುತ್ತೇವೆ. ರಜೆ ಮುಗಿದೀತು, ರೈಲಿನ ಟಿಕೆಟ್ ಹಾಳಾದೀತು, ಜನ ಆಡಿಕೊಂಡಾರು ಎಂಬ ಭಯಗಳು ಅವನ ಬೆನ್ನಿಗಿರುತ್ತವೆ. ಅವುಗಳ ಮೇಲೆ ಹಿರಿಯರ ಮಾತೂ ಬಿದ್ದರೆ ಅವನು ಏನು ಮಾಡಬೇಕು? ಚಂಡೀಗಡದಲ್ಲಿರುವ ರಕ್ಷಣಾ ಸಂಶೋಧನಾ ಸಂಸ್ಥೆಯೊಂದು ಹಿಮಕುಸಿತದ ಮುನ್ಸೂಚನೆ ನೀಡುತ್ತದೆ. ಹವಾಮಾನ ಇಲಾಖೆಯ ಎಚ್ಚರಿಕೆಯೂ ಇರುತ್ತದೆ. ಅವುಗಳಿಗಿಂತ ನಮ್ಮ ಮಾತು ಭಾರವಾಗಬಾರದು. ತಡೆಯುವ ಪೊಲೀಸನು ಭಕ್ತಿಗೆ ಅಡ್ಡ ಬಂದವನಲ್ಲ, ಪ್ರಾಣಕ್ಕೆ ಕಾವಲು ನಿಂತವನು.

ಓದುಗ ಮಿತ್ರರೇ, ನಿಮ್ಮವರು ಆ ಕಡೆ ಹೊರಟರೆ ಬುತ್ತಿಯ ಜೊತೆ ನಾಲ್ಕು ದಿನ ಹೆಚ್ಚಿನ ಬಿಡುವನ್ನೂ ಕಟ್ಟಿಕೊಡಿ. ಹಿಮ ಬೀಳುತ್ತಿದೆ ಎಂದು ಅವರು ಕರೆ ಮಾಡಿದರೆ, ನಾನು ಅಂದು ಆಡದೆ ಹೋದ ಮಾತನ್ನು ನೀವು ಆಡಿ: “ತಿರುಗಿ ಬರ್ರಿ. ಕೇದಾರ ಎಲ್ಲಿಗೂ ಹೋಗೂದಿಲ್ಲ.”